ಕಸಿಯ ಗಂಟಿನ ಕೆಳಗಿನ ಮರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋದಾಮಿನ ಗೋಡೆಯ ಪಕ್ಕ ಮೊಣಕಾಲೂರಿ ಕುಳಿತ ಹೆಂಗಸೊಬ್ಬರು ಚಾಕುವಿನ ಹಿಂಬದಿಯಿಂದ ಪ್ಲಮ್ ಮರದ ಬುಡದ ಮಣ್ಣು ಕೆರೆಯುತ್ತಿದ್ದಾರೆ. ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ನಲವತ್ತೊಂದು ಎಂದಿದೆ. ರಸ್ತೆ ಅಗಲವಾಗಬೇಕು. ಹೊರಗಿನಿಂದ ತಂದ ಜಾತಿಗೆ ಕೆಂಪು ಅಂಕಿ, ಈ ನೆಲದ ಕಾಡು ಜಾತಿಗೆ ಬಿಳಿ ಪಟ್ಟಿ. ಬಿಳಿ ಪಟ್ಟಿಯವು ಮಾತ್ರ ಉಳಿಯುತ್ತವೆ. ಗರಗಸ ಒಂಬತ್ತಕ್ಕೆ ಬರುತ್ತದೆ.

ನರ್ಸರಿಯಲ್ಲಿ ಎಲ್ಲರೂ ಅವರನ್ನು ಕಸಿಯಮ್ಮ ಎನ್ನುತ್ತಾರೆ. ಇಪ್ಪತ್ತೇಳು ವರ್ಷದಿಂದ ಕಾಡು ಪ್ಲಮ್ಮಿನ ಬುಡಕ್ಕೆ ತೋಟದ ಪ್ಲಮ್ಮಿನ ಕಡ್ಡಿ ಕೂಡಿಸಿ ಕಟ್ಟುವುದೇ ಕೆಲಸ. ಹಂಗಾಮಿನಲ್ಲಿ ದಿನಕ್ಕೆ ಮುನ್ನೂರು ಸಸಿ. ಎಡಗೈ ಹೆಬ್ಬೆರಳಿನ ತುದಿ ಚಾಕುವಿಗೆ ಹೋದ ಮರುದಿನವೂ ಕೆಲಸಕ್ಕೆ ಬಂದಿದ್ದರು. ಈಗಲೂ ದಿನಗೂಲಿ.

"ನಮ್ಮಣ್ಣನ ಮುಖ ಮರೆತ್ರೂ ಅತ್ತಿಗೆ ಗಿಡದ ತೊಗಟೆ ಮರೆಯಲ್ಲ" ಎಂದು ಜೊತೆಗೆ ಬಂದ ನಾದಿನಿ, ಪತ್ರಿಕೆಗೆ ಬರೆದುಕೊಳ್ಳಲು ಬಂದ ನನ್ನತ್ತ ನೋಡಿ ನಗುತ್ತಾರೆ.

"ನಿಮ್ಮಣ್ಣನ ಮುಖದಲ್ಲಿ ನೆನಪಿಟ್ಕೊಳ್ಳೋಕೆ ಏನಿತ್ತೇ?" ಕಸಿಯಮ್ಮ ತಲೆಯೆತ್ತುವುದಿಲ್ಲ.

ಬುಡದಿಂದ ಗೇಣೆತ್ತರದಲ್ಲಿ ಕಸಿಯ ಗಂಟಿದೆ. ಸಮೀಕ್ಷೆಯ ಅಧಿಕಾರಿ ಅದನ್ನು ನೋಡಿಯೇ ತೋಟದ ಪ್ಲಮ್ ಎಂದು ಬರೆದುಕೊಂಡು ಹೋದರು. ಆದರೆ ಗಂಟಿನ ಮೇಲಿರುವುದು ಒಣಗಿದ ಮೋಟು ಮಾತ್ರ. ಬದುಕಿರುವ ಕಾಂಡ ಎದ್ದಿರುವುದು ಅದರ ಕೆಳಗಿನಿಂದ.

"ಮೇಲೆ ಕಟ್ಟಿದ್ದು ಸತ್ತೋಯ್ತು. ಇದು ಕೆಳಗಿದ್ದ ಕಾಡಿಂದು. ಮುಳ್ಳು ನೋಡಿ. ತೋಟದ್ದಕ್ಕೆ ಇಷ್ಟಿರಲ್ಲ. ಹಣ್ಣು ಗೋಲಿಯಷ್ಟು, ಬಾಯಿಗಿಟ್ರೆ ಮುಖ ಹಿಂಡತ್ತೆ" ಎಂದು ಕಸಿಯಮ್ಮ ನನಗೆ ತೋರಿಸುತ್ತಾರೆ.

ಮೊದಲು ನರ್ಸರಿಗೆ ಕಾಡು ಪ್ಲಮ್ಮಿನ ಬೀಜ ಹತ್ತಿರದ ಗುಡ್ಡದಿಂದ ಬರುತ್ತಿತ್ತು. ಗುಡ್ಡ ಕಲ್ಲುಗಣಿಯಾಯಿತು, ಈಗ ಲಾರಿಯಲ್ಲಿ ಎಲ್ಲಿಂದಲೋ ಬರುತ್ತದೆ. ಕಸಿಯಮ್ಮ ಬಲ್ಲಂತೆ ಆ ಗುಡ್ಡದ ಮರ ಉಳಿದಿರುವುದು ಇದೊಂದೇ. ಕಡ್ಡಿ ಕೊಯ್ದು ಬೇರೆಡೆ ಹತ್ತಿಸಲು ಇದು ಕಾಲವಲ್ಲ. ಅಧಿಕಾರಿಗೆ ಹೇಳಿದಾಗ, "ನೀವು ನೀರು ಹಾಕ್ಕೊಂಡಿರಿ ಅಮ್ಮ" ಎಂದರಂತೆ. ಎರಡು ಅರ್ಜಿ ಹೋದವು. ಮೊದಲನೆಯದು ಅರ್ಜಿದಾರರ ವಿದ್ಯಾರ್ಹತೆ ಕೇಳಿಕೊಂಡು ವಾಪಸು ಬಂತು. ಎರಡನೆಯದು ಬರಲೇ ಇಲ್ಲ.

ಒಂಬತ್ತಕ್ಕೆ ಮೊದಲೇ ಮರ ಕಡಿಯುವವರ ಮೇಸ್ತ್ರಿ ಕಡಿಯಬೇಕಾದ ಮರಗಳ ಪಟ್ಟಿ ಹಿಡಿದು ಬರುತ್ತಾನೆ. "ನಂಗೆ ನಂಬರ್ ಕೊಟ್ಟಿದಾರೆ ತಾಯಿ. ಮರದ ಜಾತಕ ಕೊಟ್ಟಿಲ್ಲ."

ಕಸಿಯಮ್ಮ ಅಡ್ಡ ನಿಲ್ಲುವುದಿಲ್ಲ. "ಕಡಿಯೋದು ಕಡೀಪ್ಪ. ಅದ್ರಲ್ಲಿ ತೋಟದ್ದು ಅಂತಿದೆಯಲ್ಲ, ಅದನ್ನ ಹೊಡೆದ್ಹಾಕಿ ಕಾಡು ಅಂತ ಬರಿ. ನಾಳೆ ಯಾರೂ ಇಲ್ಲಿ ಅದು ಇರ್ಲೇ ಇಲ್ಲ ಅನ್ನಬಾರ್ದು."

ಅವನು ಪೆನ್ನಿಲ್ಲ ಎನ್ನುತ್ತಾನೆ. ನಾನು ಕೊಡಲು ಹೋದ ಪೆನ್ನನ್ನು ನೋಡಿ, ಪಟ್ಟಿ ಮಡಚಿ ಜೇಬಿಗಿಡುತ್ತಾನೆ.

ಕಸಿಯಮ್ಮ ಚಾಕುವನ್ನು ಸೆರಗಿಗೆ ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ. "ನೀವಾದ್ರೂ ಬರ್ಕೊಳ್ಳಿ. ಕಾಡು ಪ್ಲಮ್. ಇದರಲ್ಲಿ ನನ್ನ ಕೈ ತಪ್ಪಲ್ಲ."