ಪಕ್ಕದ ಗೂಡು

ಅಕ್ಕೋರು ಒಂದೇ ಕಿವಿಗೆ ಓಲೆ ಹಾಕುತ್ತಿದ್ದರು. ಬಲಗಿವಿಯ ಹಾಲೆ ಸೀಳಿಹೋಗಿತ್ತು. ಭುಜದ ಮೇಲೆ ಕೂತ ಕಾಕಟೀಲ್ ಎಂಬ ಜುಟ್ಟಿನ ಸಾಕುಹಕ್ಕಿ ಓಲೆಯ ಹೊಳಪಿಗೆ ಆಸೆಪಟ್ಟು ಜಗ್ಗಿತ್ತಂತೆ. ಹೊಲಿಸಿಕೊಳ್ಳಿ ಎಂದರೆ, "ಇನ್ನು ಯಾರು ನೋಡೂಕಿದ್ದು?" ಎಂದು ನಗುತ್ತಿದ್ದರು. ಆ ಕಳ್ಳಹಕ್ಕಿ ಆಮೇಲೂ ಅದೇ ಭುಜದ ಮೇಲೆ ಕೂರುತ್ತಿತ್ತು.

ಶಿರಸಿ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಇವರು ನಿವೃತ್ತರಾಗಿ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು, ಹಕ್ಕಿಗಳನ್ನು ಬಿಟ್ಟರೆ. ತಿಂಗಳಿಗೊಂದು ಭಾನುವಾರ ಅವರ ಜಗಲಿಯಲ್ಲಿ ಹಕ್ಕಿ ಸಾಕುವವರ ಸಂಘ ಸೇರುತ್ತಿತ್ತು. ಬೋರ್ಡು, ಅಧ್ಯಕ್ಷರು ಎಂಥದ್ದೂ ಇಲ್ಲ. ಸಿದ್ದಾಪುರದಿಂದ, ಯಲ್ಲಾಪುರದಿಂದ ಒಂದಷ್ಟು ಜನ ಗೂಡಿಗೆ ಬಟ್ಟೆ ಮುಚ್ಚಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಹಕ್ಕಿಗೂ ಟಿಕೆಟ್ ತಗೊಳ್ಳಿ ಎಂದು ಜಗಳ ತೆಗೆದ ಕಂಡಕ್ಟರನೊಬ್ಬ ಕೊನೆಗೆ ತಾನೇ ಒಂದು ಜೋಡಿ ಒಯ್ದ. ಮರಿಗಳ ಅದಲುಬದಲು, ಚಹಾ, ಸಣ್ಣಪುಟ್ಟ ವಾದ, ಇಷ್ಟೇ ಸಂಘ. ಕಿರವತ್ತಿ ಕಡೆಯವನೊಬ್ಬ ಕಾಡಿನ ಗಿಳಿ ಹಿಡಿದು ತಂದಾಗ ಮಾತ್ರ, "ಹಿಡಿದಲ್ಲೇ ಬಿಟ್ಟಿಕ್ಕಿ ಬಾ, ಆಮೇಲೆ ಚಾ" ಎಂದು ಅಕ್ಕೋರು ಮೆಟ್ಟಿಲಿಂದಲೇ ವಾಪಸು ಕಳಿಸಿದ್ದರು.

ನಾನು ಆ ಸಂಘ ಸೇರಿದ್ದು ಶೋಕಿಗಲ್ಲ. ಹಾವೇರಿ ಕಡೆಯವನು, ತೊಂಬತ್ತರ ದಶಕದಲ್ಲಿ ಕಚೇರಿ ಕೆಲಸದ ಮೇಲೆ ಶಿರಸಿಗೆ ಬಂದೆ. ಬಂದ ಎರಡನೇ ವರ್ಷ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಅವಳು ಹಠ ಹಿಡಿದು ತರಿಸಿಕೊಂಡಿದ್ದ ಒಂದು ಜೋಡಿ ಲವ್ ಬರ್ಡ್ಸ್ ಉಳಿದವು. ಅವುಗಳ ಕಿಚಿಪಿಚಿಗೆ ಮೊದಲು ಬೈಯುತ್ತಿದ್ದೆ. ಅವಳು ಹೋದ ಮೇಲೆ ಮನೆಯಲ್ಲಿದ್ದ ಸದ್ದು ಅದೊಂದೇ. ಒಲೆ ಹೊತ್ತಿಸುವುದನ್ನು ಬಿಟ್ಟಿದ್ದೆ. ಕಚೇರಿ ಪಕ್ಕದ ಕ್ಯಾಂಟೀನಿನ ಬನ್ನು, ಚಹಾ, ಸಾಕಾಗಿತ್ತು. ಕೆಲವೇ ತಿಂಗಳಿಗೆ ಗಂಡುಹಕ್ಕಿ ಸತ್ತಿತು. ಹೆಣ್ಣು ಕಾಳು ಮುಟ್ಟದೆ ಮೂಲೆಗೆ ಸರಿದು ಕೂತಿತು. ಅದೂ ಹೋದರೆ ಅವಳದೆಂಬ ಜೀವ ಈ ಮನೆಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಯಾರೋ ಹೇಳಿದರೆಂದು ಗೂಡು ಹೊತ್ತುಕೊಂಡು ಅಕ್ಕೋರ ಜಗಲಿಗೆ ಹೋದೆ.

"ಏನರ ಔಷಧ ಕೊಡ್ರಿ ಅಕ್ಕೋರ. ಇದೊಂದು ಬದುಕ್ಲಿ."

ಅವರು ಹಕ್ಕಿಯನ್ನು ನೋಡಿದರು, ನನ್ನನ್ನೂ ನೋಡಿದರು. "ಇದಕ್ಕೆ ಔಷಧ ಇಲ್ಲೆ. ಜೊತೆ ಬೇಕು" ಎಂದು ಒಳಗಿಂದ ಇನ್ನೊಂದು ಗೂಡು ತಂದರು. ಅದರಲ್ಲಿ ಬಣ್ಣ ಮಾಸಿದ ಮುದಿ ಹಕ್ಕಿಯೊಂದಿತ್ತು. ಜೊತೆ ಕಳೆದುಕೊಂಡ ಹಕ್ಕಿಗೆ ಹೀಗೆ ಒಂದು ಹಕ್ಕಿಯನ್ನು ಕಡ ಕೊಡುವುದು ಸಂಘದ ರೂಢಿ. ನಾನು ಎರಡನ್ನೂ ಕೂಡಿಸಲು ಬಾಗಿಲು ತೆಗೆದೆನೋ ಇಲ್ಲವೋ, ಕೈ ಮೇಲೆ ಅಕ್ಕೋರ ಏಟೊಂದು ಬಿತ್ತು.

"ಥೋ! ಹಂಗೆ ಒಂದೇ ಗೂಡಿಗೆ ಹಾಕ್ಲಾಗ. ದುಃಖದಲ್ಲಿದ್ದವರ ಮೈಮೇಲೆ ಯಾರಾದ್ರೂ ಬೀಳ್ತ್ವಾ? ಪಕ್ಕದಲ್ಲಿ ಇಡು. ದನಿ ಕೇಳಿದ್ರೆ ಸಾಕು."

ಅಲ್ಲಿಂದ, ಸಂಘವಿಲ್ಲದ ಭಾನುವಾರಗಳಲ್ಲಿ ಅಕ್ಕೋರು ನಮ್ಮ ಮನೆಗೆ ಬರತೊಡಗಿದರು. ಹಕ್ಕಿ ನೋಡಲು ಬರುತ್ತಾರೆ ಎಂದುಕೊಂಡೆ. ಒಳಗೆ ಕರೆದರೆ ಬರುತ್ತಿರಲಿಲ್ಲ. ಗೂಡುಗಳಿದ್ದ ಹೊರಗಟ್ಟೆಯ ಮೇಲೆ ಕೂತು, ಹಕ್ಕಿಗೆ ಹಾಕುವ ನವಣೆಯನ್ನು ಮೊರದಲ್ಲಿ ಹಸನು ಮಾಡುತ್ತಿದ್ದರು. ಹೆಂಡತಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಆ ದಿನಗಳಲ್ಲಿ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ಸುಮ್ಮನಿದ್ದದ್ದಕ್ಕೇ ಸಹಿಸಿಕೊಂಡೆ. ಏಳುವಾಗ ಮಾತ್ರ, "ಊಟ ಆತಾ ತಮಾ?" ಎನ್ನುತ್ತಿದ್ದರು. "ಆಗೇತ್ರಿ" ಎಂದು ಸುಳ್ಳು ಹೇಳುತ್ತಿದ್ದೆ.

ಹೀಗೇ ಒಂದು ಭಾನುವಾರ, ಯಾಕೋ ಮನಸ್ಸಾಗಿ, ಒಲೆ ಹೊತ್ತಿಸಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದದ್ದೇ ಹೊರಗೆ ಮೊರದ ಸದ್ದು ನಿಂತಿತು. ಬಂದು ನೋಡಿದರೆ ಅಕ್ಕೋರು ಸೆರಗು ಕೊಡವಿಕೊಂಡು ಎದ್ದಿದ್ದಾರೆ.

"ಇನ್ನು ನನ್ನ ಹಕ್ಕಿ ತಗಂಡು ಹೋಗ್ತೆ."

"ಇದು ಕಾಳು ತಿನ್ನಾಕ ಹತ್ತಿ ಭಾಳ ದಿನ ಆತಲ್ರಿ ಅಕ್ಕೋರ. ಆವಾಗ್ಲೇ ಒಯ್ಯಬಹುದಿತ್ತು."

"ಹಕ್ಕಿ ಮೊದಲನೇ ವಾರವೇ ತಿಂತು ಮಾರಾಯ. ಆನು ಕಾದಿದ್ದು ನಿನ್ನ ಒಲೆ ಹೊತ್ತಲಿ ಅಂತ."

ಹೆಂಡತಿ ಸತ್ತಾಗಲೂ ಜನರೆದುರು ಅಳದಿದ್ದವನು ಅಂದು ಬಾಗಿಲಿಗೆ ಒರಗಿ ಗೊಳೋ ಎಂದು ಅತ್ತೆ. ಅಕ್ಕೋರು ಆಗಲೂ ಹತ್ತಿರ ಬರಲಿಲ್ಲ. ಮತ್ತೆ ಕೂತು, ಹಸನಾದ ನವಣೆಯನ್ನೇ ಇನ್ನೊಮ್ಮೆ ಹಸನು ಮಾಡಿದರು.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಸಂಘವೂ ಚದುರಿತು. ಇದ್ದ ಹಕ್ಕಿಗಳನ್ನು ಅವರಿವರು ಒಯ್ದರು. ಓಲೆ ಜಗ್ಗಿದ ಆ ಕಾಕಟೀಲ್ ಮಾತ್ರ ಯಾರಿಗೂ ಬೇಡವಾಯಿತು. ಅದು ಕಾಳು ಬಿಟ್ಟಿತ್ತು. ನಾನು ಮನೆಗೆ ತಂದೆ. ಪಕ್ಕದಲ್ಲಿಡಲು ನನ್ನ ಹಕ್ಕಿ ಉಳಿದಿರಲಿಲ್ಲ, ಕಡ ಕೇಳಲು ಸಂಘವೂ ಇರಲಿಲ್ಲ. ನಾನೇ ಮೊರ ಹಿಡಿದು ಕಟ್ಟೆಯ ಮೇಲೆ ಕೂತೆ. ಮುಟ್ಟಲಿಲ್ಲ, ಮುದ್ದು ಮಾಡಲಿಲ್ಲ. ಬಿಡುವಾದಾಗಲೆಲ್ಲ ಕೂತೆ.

ಒಂದು ಮಧ್ಯಾಹ್ನ ಅದು ಕೆಳಗಿಳಿದು ಕಾಳು ಒಡೆದ ಸದ್ದು ಕೇಳಿತು. "ತಿಂತ್ರೀ ಅಕ್ಕೋರ!" ಎಂದು ಖುಷಿಯಿಂದ ಕೂಗಿ ಪಕ್ಕಕ್ಕೆ ತಿರುಗಿದೆ. ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ. ಊಟದ ಹೊತ್ತು ಮೀರಿತ್ತು. ಆತಾ ಎಂದು ಕೇಳಲು ಯಾರೂ ಇರಲಿಲ್ಲ. ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದೆ.