ಬಾವಲಿ ಮರ ಉರುಳಿದ ಮೇಲೆ

ಅವರನ್ನು ಊರೆಲ್ಲ ಬಾವಲಿ ಡಾಕ್ಟರು ಎನ್ನುತ್ತಿತ್ತು. ಹೆಸರಿಟ್ಟವರು ಹೆತ್ತ ತಾಯಿಯೇ. "ಬೇರೆಯವರ ಮಗಳು ಹೆರಿಗೆ ಮಾಡಿಸ್ತಾಳೆ, ಹಲ್ಲು ಕೀಳ್ತಾಳೆ. ನಮ್ಮವಳು ತಲೆಕೆಳಗಾಗಿ ನೇತಾಡೋದರ ಉಚ್ಚೆ ಹಿಡೀತಾಳೆ" ಎಂದು ಬಂದವರೆದುರು ನಗುತ್ತಿದ್ದರು. ಮಾತು ಸುಳ್ಳಲ್ಲ. ಬೆಳಕು ಹರಿಯುವ ಮುನ್ನ ಮರದಡಿ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಹನಿಗಳಲ್ಲಿ ವೈರಸ್ ಹುಡುಕುವುದೇ ಅವರ ಕೆಲಸವಾಗಿತ್ತು.

ಓದಿದ್ದು ಪಶುವೈದ್ಯಕೀಯ. ಒಂದು ಬೇಸಿಗೆಯಲ್ಲಿ ಊರಾಚೆಯ ಫಾರಮ್ಮಿನ ಹಂದಿಗಳು ಕೆಮ್ಮಿ ಕೆಮ್ಮಿ ಸತ್ತವು. ಬೆನ್ನಿಗೇ, ಅವುಗಳಿಗೆ ಮೇವು ಹಾಕುತ್ತಿದ್ದ ಮಾಲೀಕನ ತಮ್ಮ ಮಿದುಳಿಗೇರಿದ ಜ್ವರದಿಂದ ತೀರಿಕೊಂಡ. ನೋಡಲು ಹೋದ ಡಾಕ್ಟರಿಗೆ ದೊಡ್ಡಿಯ ನೆಲದಲ್ಲಿ ಅರ್ಧ ಕಚ್ಚಿದ ಹಣ್ಣುಗಳು ಕಂಡವು. ತಲೆಯೆತ್ತಿದರೆ ಮರದ ತುಂಬ ಬಾವಲಿಗಳು. ಬಾವಲಿಯ ಎಂಜಲಿನಿಂದ ಹಂದಿಗೆ, ಹಂದಿಯಿಂದ ಮನುಷ್ಯನಿಗೆ ರೋಗ ದಾಟಿದೆ ಎಂದು ಪ್ರಯೋಗಾಲಯದಲ್ಲಿ ಖಚಿತವಾಗುವಷ್ಟರಲ್ಲಿ ಮತ್ತೊಂದು ಬೇಸಿಗೆ ಬಂದಿತ್ತು.

ಕೇಳಿದ್ದೇ ತಡ, ಮಾಲೀಕ ಮರ ಕಡಿಯುವವರನ್ನು ಕರೆಸಿದ.

"ಕಡಿಸ್ಬೇಡಿ" ಎಂದರು ಡಾಕ್ಟರು. "ಅವು ಸಾಯಲ್ಲ, ಇನ್ನೊಂದು ಕಡೆ ಹೋಗ್ತವೆ. ದೊಡ್ಡಿಗೆ ಸೂರು ಹಾಕ್ಸಿ, ಸಾಕು."

"ನಿಮಗೇನ್ರೀ, ತಮ್ಮನ್ನ ಕಳ್ಕೊಂಡಿದ್ದು ನಾನು."

ಮರ ಉರುಳಿತು. ಬಾವಲಿಗಳು ದಿಕ್ಕಾಪಾಲಾಗಿ ಹಾರಿ, ಹೊಳೆಯಾಚೆಯ ಊರಿನ ಹಣ್ಣಿನ ಮರಗಳನ್ನು ಹಿಡಿದವು. ಡಾಕ್ಟರು ಕೂಗಾಡಲಿಲ್ಲ. ಹಾಳೆ ಸುತ್ತಿಕೊಂಡು ಅಲ್ಲಿಗೇ ಹೋದರು. ಅಲ್ಲಿಯ ಆಸ್ಪತ್ರೆಯ ನರ್ಸಿಗೆ, "ಹಂದಿ ಸಾಕೋರು ಯಾರಾದ್ರೂ ಜ್ವರ ಅಂತ ಬಂದು ಮಾತು ತೊದಲಿದ್ರೆ, ಮೊದಲು ಬೇರೆ ಕೋಣೇಲಿ ಮಲಗ್ಸಿ. ಆಮೇಲೆ ನಂಗೆ ಫೋನ್ ಮಾಡಿ" ಎಂದರು.

ಫೋನು ಬಂದೇ ಬಂತು. ಹಂದಿ ಸಾಕುತ್ತಿದ್ದ ಒಬ್ಬ ಹೆಂಗಸಿಗೆ ಜ್ವರ. ಬೇರೆ ಕೋಣೆಯಲ್ಲಿದ್ದ ಆಕೆ ಬದುಕಿಕೊಂಡಳು, ಎಡಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ. ಜ್ವರ ಆಕೆಯಿಂದ ಬೇರೆ ಯಾರಿಗೂ ದಾಟಲಿಲ್ಲ.

ಸುದ್ದಿ ತಿಳಿದ ಮಾಲೀಕ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತ.

"ಕಡಿಸಬಾರದಿತ್ತು ಮೇಡಂ."

"ಹೌದು, ಕಡಿಸಬಾರದಿತ್ತು." ಡಾಕ್ಟರು ಕೈಗವಸು ಕಳಚಿದರು. "ಈಗ ಆಚೆ ಊರಿನೋರೂ ಕೊಡಲಿ ಮಸೀತಿದ್ದಾರೆ. ನಾನು ಹೇಳಿದ್ರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನೀವು ಬಂದು ಹೇಳಿ."

ಮಾಲೀಕ ಹೋದ. ತಮ್ಮನ ಕಥೆ, ಮರದ ಕಥೆ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಜನ ಗೊಣಗಿದರೂ ಕೊಡಲಿ ಕೆಳಗಿಟ್ಟರು. ಒಂದೊಂದಾಗಿ ದೊಡ್ಡಿಗಳಿಗೆ ಸೂರು ಬಂತು. ಎಷ್ಟೋ ಸೂರುಗಳನ್ನು ಮಾಲೀಕನೇ ನಿಂತು ಹಾಕಿಸಿದ. ಅಲ್ಲಿ ಮತ್ತೆ ಯಾರಿಗೂ ಆ ಜ್ವರ ತಗುಲಲಿಲ್ಲ. ಅಷ್ಟರಲ್ಲಿ ಪೇಟೆಯ ಗೋದಾಮುಗಳಲ್ಲಿ ಇಲಿಗಳಿಂದ ಬೇರೊಂದು ಜ್ವರ ಶುರುವಾಗಿತ್ತು. ಡಾಕ್ಟರು ಆ ಕಡೆ ಹೊರಟರು.