ಮಗ್ಗ ನಿಂತಾಗ ನಿಂತ ಮಾತು

ನನ್ನ ಕೈಚೀಲದಲ್ಲಿ ಒಂದು ಪುಟ್ಟ ಸ್ಟೀಲಿನ ಡಬ್ಬಿ ಸದಾ ಇರುತ್ತದೆ. ಅದರಲ್ಲಿ ಕಲ್ಲುಸಕ್ಕರೆ, ನಾಲ್ಕಾರು ಲವಂಗ, ಒಂದು ತುಂಡು ಜ್ಯೇಷ್ಠಮಧು. ಕಾನೂನು ಪಾಠ ಹೇಳುವ ಹೆಂಗಸಿನ ಚೀಲದಲ್ಲಿ ಕಾಯಿದೆಯ ಪುಸ್ತಕ ಇರಬೇಕಾದ ಜಾಗದಲ್ಲಿ ಅಜ್ಜಿಯಂದಿರ ಈ ಔಷಧವೇಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ವಾರಕ್ಕೊಮ್ಮೆ ನಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಾನು ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಿಗೆ ಹೋಗುತ್ತೇನೆ, ಅಲ್ಲಿ ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳು ಖಟಖಟ ಎನ್ನುತ್ತಿರುತ್ತವೆ, ಆ ಸದ್ದಿನ ಮೇಲೆ ಸದ್ದು ಮಾಡಿ ಮಾತನಾಡಿದರೆ ಸಂಜೆಯ ಹೊತ್ತಿಗೆ ಗಂಟಲು ನನ್ನದಾಗಿ ಉಳಿದಿರುವುದಿಲ್ಲ. ಮರುದಿನ ತರಗತಿಯಲ್ಲಿ ಮೇಡಂ ಮೆಲ್ಲಗೆ ಮಾತಾಡುತ್ತಾರೆಂದು ಹುಡುಗರು ಖುಷಿಪಡುತ್ತಾರೆ.

ಈ ತಿರುಗಾಟಕ್ಕೆ ನಮ್ಮ ಪಠ್ಯಕ್ರಮದಲ್ಲಿ ‘ಕ್ಲಿನಿಕಲ್ ಶಿಕ್ಷಣ’ ಎಂಬ ಗಂಭೀರವಾದ ಹೆಸರಿದೆ. ವೈದ್ಯನಾಗುವವನು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವಂತೆ ವಕೀಲನಾಗುವವನು ಕಷ್ಟದಲ್ಲಿರುವವರ ಪಕ್ಕ ಕುಳಿತು ಕಲಿಯಲಿ ಎಂಬುದು ಅದರ ತಾತ್ಪರ್ಯ. ಬೀಳಗಿಯಲ್ಲಿ ಮೊದಲ ಸಲ ನಾವು ‘ಕಾನೂನು ನೆರವು ಕ್ಲಿನಿಕ್’ ಎಂದು ಬಟ್ಟೆಯ ಬ್ಯಾನರ್ ಕಟ್ಟಿದ ದಿನ ಬಾಡಗಂಡಿಯ ಅಜ್ಜನೊಬ್ಬ ನೇರವಾಗಿ ಬಂದು, ಅಂಗಿಯ ತೋಳು ಮೇಲೇರಿಸಿ, ನಾಡಿ ನೋಡಲೆಂದು ಕೈ ಮುಂದೆ ಚಾಚಿದ್ದ. ಇದು ದವಾಖಾನೆಯಲ್ಲವೆಂದು ತಿಳಿಸಿದಾಗ ಬೇಸರಪಟ್ಟುಕೊಳ್ಳದೆ, ಬಂದದ್ದಂತೂ ಬಂದಿದ್ದೇನೆ, ಹೊಲದ ಬದುವಿನ ತಕರಾರನ್ನಾದರೂ ನೋಡಿರಿ ಎಂದು ಕುಳಿತೇಬಿಟ್ಟ. ಆ ಚಾಚಿದ ಕೈ ನನಗೆ ಇವತ್ತಿಗೂ ಬಹಳ ಪ್ರೀತಿಯ ನೆನಪು. ನಮ್ಮ ಹುಡುಗರು ಗುಳಿಗೆಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಬಂದಿರುತ್ತಾರೆ, ಕಲಮು, ಉಪಕಲಮು, ತಿದ್ದುಪಡಿ, ತೀರ್ಪು ಎಲ್ಲವನ್ನೂ ಕೇಳಿದ ತಕ್ಷಣ ಒಪ್ಪಿಸುತ್ತಾರೆ. ನಾಡಿ ಹಿಡಿಯುವುದು ಮಾತ್ರ ಅವರಿಗೆ ಹೊಸದು.

ಅಂಥವರಲ್ಲಿ ಒಬ್ಬಳು ಭಾಗ್ಯಶ್ರೀ. ಮುಧೋಳದ ಕಡೆಯ ಹುಡುಗಿ, ಕೊನೆಯ ವರ್ಷದಲ್ಲಿದ್ದಳು. ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ಕೂದಲೆಳೆಯಷ್ಟು ವೈರುಧ್ಯ ಕಂಡರೂ ಹಿಡಿದೆಳೆದು ತೋರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಎದುರು ತಪ್ಪು ದಿನಾಂಕ ಹೇಳಲು ನಾನೂ ಹೆದರುತ್ತಿದ್ದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಆಷಾಢದ ಒಂದು ಮಧ್ಯಾಹ್ನ ಬನಹಟ್ಟಿಯ ಓಣಿಯ ತುದಿಯಲ್ಲಿ ನಾವು ಮೇಜು ಹಾಕಿ ಕುಳಿತಿದ್ದಾಗ ನೀಲವ್ವನೆಂಬ ಹೆಂಗಸು ಎರಡು ಬಾರಿ ಹತ್ತಿರ ಬಂದು, ಎರಡು ಬಾರಿಯೂ ಏನೂ ಕೇಳದೆ ಹೊರಳಿ ಹೋದಳು. ಅವಳ ಮನೆಗೇ ಹೋಗಿ ವಿಚಾರಿಸಿಕೊಂಡು ಬಾ ಎಂದು ಭಾಗ್ಯಶ್ರೀಯನ್ನು ಕಳಿಸಿದೆ.

ಹೋದವಳು ಬಹಳ ಬೇಗ ಮರಳಿದಳು. ಆ ಅಕ್ಕನಿಗೆ ದೊಡ್ಡ ತೊಂದರೆಯೇನೂ ಇಲ್ಲ, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಬೇಕಂತೆ, ಅಷ್ಟೇ ಎಂದಳು. ಅಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳು ಎಂದೆ, ಏಕೆಂದರೆ ಈ ಶಿಕ್ಷಣದಲ್ಲಿ ನನ್ನ ಪಾಲಿಗಿರುವ ಕೆಲಸ ಅದೊಂದೇ: ಹೋಗಿ ಬಂದವರನ್ನು ಕೂರಿಸಿಕೊಂಡು, ಏನಾಯಿತು, ಆಮೇಲೇನಾಯಿತು ಎಂದು ಕೇಳುತ್ತಾ ಹೋಗುವುದು. ಅವಳು ಹೋದಾಗ ನೀಲವ್ವ ಮಗ್ಗದ ಮುಂದೆ ನಿಂತಿದ್ದಳು. ಇವಳನ್ನು ಕಂಡು ಮುಖ ಅರಳಿಸಿ ಹತ್ತಿರ ಕರೆದು ಏನೋ ಹೇಳತೊಡಗಿದಳು, ಆದರೆ ಮಗ್ಗದ ಸದ್ದಿನಲ್ಲಿ ಒಂದು ಮಾತೂ ಇವಳ ಕಿವಿಗೆ ಬೀಳಲಿಲ್ಲ. ಕಕ್ಷಿದಾರರ ಮಾತನ್ನು ನಿಶ್ಶಬ್ದವಾದ ಜಾಗದಲ್ಲಿ ಕೇಳಬೇಕೆಂದು ನಾನೇ ತರಗತಿಯಲ್ಲಿ ಹೇಳಿಕೊಟ್ಟಿದ್ದೆನಲ್ಲ, ಅದನ್ನು ನೆನೆದು ಬಹಳ ವಿನಯದಿಂದ, ‘ಅಕ್ಕಾರ, ಒಂದೀಟ ಮಗ್ಗ ನಿಂದ್ರಸ್ತೀರೇನ್ರಿ?’ ಎಂದಳಂತೆ. ಮಗ್ಗ ನಿಂತಿತು. ಅದು ನಿಂತದ್ದೇ ತಡ, ಪಕ್ಕದ ಕೋಣೆಯಲ್ಲಿ ನೀಲವ್ವನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟೆಯೂ ನಿಂತಿತು. ಆಮೇಲೆ ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ರೇಷನ್ ಕಾರ್ಡಿನ ಮಾತು ತೆಗೆದಳಂತೆ.

ಇಷ್ಟು ಹೇಳಿ ಭಾಗ್ಯಶ್ರೀ ನನ್ನ ಕಡೆ ತಿರುಗಿದಳು. ‘ಮೇಡಂ, ಆ ರಾಟಿ ಯಾಕ ನಿಂತ್ತು?’ ಎಂದು ನನ್ನನ್ನು ಕೇಳಿದಳು. ಕೇಳಿದ ಕ್ಷಣದಲ್ಲೇ ಅವಳಿಗೆ ಉತ್ತರ ಹೊಳೆದುಹೋಗಿತ್ತು: ಆ ಕೋಣೆಯಲ್ಲೊಂದು ಕಿವಿ ಇತ್ತ ತಿರುಗಿತ್ತು.

ನಾನು ರಬಕವಿಯ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮವ್ವ ಮತ್ತು ಚಿಕ್ಕಮ್ಮ ಮನೆಯ ಸಕಲ ಗುಟ್ಟುಗಳನ್ನೂ ಮಗ್ಗ ನಡೆಯುವಾಗಲೇ ಮಾತಾಡಿಕೊಳ್ಳುತ್ತಿದ್ದರು. ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ, ಗಟ್ಟಿಯಾಗಿ, ಯಾವ ಅಂಜಿಕೆಯೂ ಇಲ್ಲದೆ. ಬಾಗಿಲಲ್ಲಿ ನಿಂತವರಿಗೆ ತುಟಿಗಳು ಅಲುಗಾಡುವುದು ಕಾಣುತ್ತಿತ್ತೇ ಹೊರತು ಮಾತು ಮಗ್ಗದಾಚೆ ದಾಟುತ್ತಿರಲಿಲ್ಲ. ಕರೆಂಟು ಹೋದರೆ ಇಡೀ ಓಣಿ ಒಮ್ಮೆಲೇ ಮೌನವಾಗುತ್ತಿತ್ತು, ಆಗ ಎಲ್ಲರೂ ಮಳೆಯ ಮಾತು, ಅಡುಗೆಯ ಮಾತು ಆಡುತ್ತಿದ್ದರು. ಊರಿನ ಬಾಕಿ ಜನಕ್ಕೆ ಏಕಾಂತವೆಂದರೆ ಸದ್ದಿಲ್ಲದ ಜಾಗ, ನಮಗೆ ಸದ್ದು ತುಂಬಿದ ಜಾಗ. ಕಕ್ಷಿದಾರನ ಗುಟ್ಟನ್ನು ಕಾಪಾಡಬೇಕೆಂದು ಎಷ್ಟೋ ವರ್ಷಗಳಿಂದ ನಾನು ಪಾಠ ಹೇಳುತ್ತಿದ್ದೇನೆ, ಆದರೆ ಹುಟ್ಟಿದ ಮನೆಯ ಈ ರೀತಿ ಆ ಪಾಠದ ಪಕ್ಕದಲ್ಲಿ ಬಂದು ಕುಳಿತದ್ದು ಅಂದೇ.

ಮುಂದಿನ ವಾರ ಭಾಗ್ಯಶ್ರೀ ಮಗ್ಗದ ಪಕ್ಕದ ಹಲಗೆಯ ಮೇಲೆ ಕುಳಿತು ಕಿವಿಯನ್ನು ನೀಲವ್ವನ ಬಾಯಿಗೆ ಕೊಟ್ಟಳು. ಆಗ ಬಂದ ಮಾತು ಇದು. ನೀಲವ್ವನ ತವರು ಕೃಷ್ಣೆಯ ದಂಡೆಯ ಗಲಗಲಿ. ಅಪ್ಪ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ವಾರಸುದಾರರೆಂದು ಅಣ್ಣ ಸಂಗಪ್ಪನ ಹೆಸರಿನ ಜೊತೆ ಇವಳ ಹೆಸರೂ ಸೇರಿತ್ತು. ಹೆಣ್ಣುಮಕ್ಕಳು ತಮ್ಮ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದು ನಮ್ಮ ಕಡೆ ಮೊದಲಿನಿಂದ ಬಂದ ರೂಢಿ; ಸೀರೆ ಉಡಿಸಿ, ಉಡಿ ತುಂಬಿ, ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಅವರೂ ನಗುನಗುತ್ತ ಹಾಕುತ್ತಾರೆ, ಅಥವಾ ಹಾಗೆ ಕಾಣುತ್ತದೆ. ನೀಲವ್ವ ಆಗಲಿ, ಮುಂದೆ ನೋಡೋಣ ಎನ್ನುತ್ತ ದಿನ ದೂಡಿದ್ದಳು. ಅದಕ್ಕೆ ಮುನಿದ ಅಣ್ಣ ಹೋದ ವರ್ಷ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರಲೇ ಇಲ್ಲ. ಇತ್ತ ಗಂಡನ ಮನೆಯವರು ಪಾಲು ಕೇಳು, ಮಾರಿ ಇನ್ನೆರಡು ಮಗ್ಗ ಹಾಕೋಣ ಎಂದು ದಿನಾ ಕುಟ್ಟುತ್ತಿದ್ದರು. ನೆಗೆಣ್ಣಿಯೂ ಗಲಗಲಿಯವಳೇ, ಸಂಗಪ್ಪನ ಹೆಂಡತಿಯ ಸ್ವಂತ ತಂಗಿ. ಇಲ್ಲಿ ಆಡಿದ ಮಾತು ಫೋನಿನಲ್ಲಿ ಅಂದೇ ಹೊಳೆದಂಡೆಗೆ ಮುಟ್ಟುತ್ತಿತ್ತು. ಈ ಪಂಚಮಿಯೊಳಗೆ ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿತೆಂದು ಅಣ್ಣ ಹೇಳಿ ಕಳಿಸಿದ್ದ.

ಸದ್ದಿನ ನಡುವೆ ಕೂಗಿ ಕೂಗಿ ಕೇಳಿ ಬಂದ ಭಾಗ್ಯಶ್ರೀಯ ಗಂಟಲು ಪೂರಾ ಕೂತಿತ್ತು. ಡಬ್ಬಿ ತೆಗೆದು ಕಲ್ಲುಸಕ್ಕರೆ ಕೊಟ್ಟೆ. ಅದು ಬಾಯಲ್ಲಿ ಕರಗುವ ಮುನ್ನವೇ ಅವಳ ತಲೆಯಲ್ಲಿ ದಾವೆ ಸಿದ್ಧವಾಗಿತ್ತು: ಮಗಳಿಗೂ ಮಗನಷ್ಟೇ ಹಕ್ಕು, ಪಾಲು ವಿಭಾಗಕ್ಕೆ ದಾವೆ ಹೂಡಿದರೆ ಗೆಲ್ಲುವುದು ಖಂಡಿತ. ಅವಳ ಕಣ್ಣಿನ ಹೊಳಪು ನೋಡಿ ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಕಾನೂನಿನ ಪ್ರಕಾರ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನೀಲವ್ವ ಇದನ್ನು ಕೇಳಿದಳೇನು ಎಂದಷ್ಟೇ ಕೇಳಿದೆ. ಅದನ್ನು ಹುಡುಗಿ ವಿಚಾರಿಸಿಯೇ ಇರಲಿಲ್ಲ. ಪುಸ್ತಕದಲ್ಲಿ ಓದುವ ಪ್ರಕರಣಗಳಲ್ಲಿ ವಾದಿಗೆ ಏನು ಬೇಕೆಂಬುದು ಮೊದಲ ಪುಟದಲ್ಲೇ ಅಚ್ಚಾಗಿರುತ್ತದೆ, ಪಾಪ, ಅದನ್ನು ವಾದಿಯನ್ನೇ ಕೇಳಿ ತಿಳಿಯಬೇಕಾಗುತ್ತದೆಂದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಅವಳು ಮತ್ತೊಂದು ಸಲ ಬನಹಟ್ಟಿಯ ಬಸ್ಸು ಹತ್ತಿದಳು. ಈ ಸಲ ತಂದ ಸುದ್ದಿ ಅವಳನ್ನು ಗಲಿಬಿಲಿ ಮಾಡಿತ್ತು: ನೀಲವ್ವನಿಗೆ ಪಾಲೂ ಬೇಡ, ಸಹಿಯೂ ಬೇಡ; ಅಣ್ಣನ ಜೊತೆ ಒಮ್ಮೆ ಎದುರುಬದುರು ಕೂತು ಮಾತಾಡಬೇಕು, ತನ್ನ ಮನೆಯವರೂ ಅವನ ಮನೆಯವರೂ ಇಲ್ಲದ ಜಾಗದಲ್ಲಿ. ಇಂಥದ್ದನ್ನು ಯಾವ ಕಲಮಿನ ಕೆಳಗೆ ಕೇಳುವುದು ಮೇಡಂ ಎಂದು ಅವಳು ತಲೆ ಕೆರೆದುಕೊಂಡಳು.

ಬೀಳಗಿಯ ನ್ಯಾಯಾಲಯದ ಆವರಣದಲ್ಲಿ, ದಾವೆ ಹೂಡುವ ಮೊದಲೇ ರಾಜಿಗೆ ಕೂರಿಸುವ ಒಂದು ಕೋಣೆ ಇದೆ. ಅಲ್ಲಿಂದ ಸಂಗಪ್ಪನಿಗೆ ಕರೆ ಹೋಯಿತು. ಪಂಚಮಿ ಇನ್ನೇನು ಬಂದಿತ್ತು. ಬೀಳಗಿಗೆ ಹೋಗುವ ಬಸ್ಸಿನಲ್ಲಿ ಭಾಗ್ಯಶ್ರೀ ತಾನು ಆಡಬೇಕಾದ ಮಾತನ್ನೆಲ್ಲ ಜೋಡಿಸಿಕೊಳ್ಳುತ್ತಿದ್ದಳು, ಅವಳ ತುಟಿಗಳು ಅಲುಗಾಡುವುದು ಕಾಣುತ್ತಿತ್ತು. ಅವ್ವನನ್ನು ನೆನೆದು ನನಗೆ ಯಾಕೋ ಅಂತಃಕರಣ ಉಕ್ಕಿ ಬಂತು. ‘ಅಕಿ ಕೇಳಿದ್ರಷ್ಟ ಮಾತಾಡವಾ, ಇಲ್ಲಂದ್ರ ಬಾಜೂಕ ಕುಂದ್ರು ಸಾಕು’ ಎಂದೆ. ಮಾತೇ ಬಂಡವಾಳವಾದ ಹುಡುಗಿಗೆ ಅದೆಂಥ ಕಠಿಣ ವ್ರತವೆಂದು ನನಗೆ ಗೊತ್ತಿತ್ತು.

ಸಂಗಪ್ಪ ತಲೆಗೆ ಹಳದಿ ಪಟಕಾ ಸುತ್ತಿದ್ದ ದೊಡ್ಡಾಳು. ತಂಗಿಯ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತ ಕುಳಿತ. ರಾಜಿಗೆ ಕೂತಿದ್ದ ಹಿರಿಯ ವಕೀಲರು ಏನು ಹೇಳಬೇಕೋ ಹೇಳವ್ವಾ ಎಂದರು. ಕೋಣೆಯಲ್ಲಿ ಫ್ಯಾನು ಕೂಡ ತಿರುಗುತ್ತಿರಲಿಲ್ಲ. ನೀಲವ್ವ ಬಾಯಿ ತೆರೆದಳು, ಮುಚ್ಚಿದಳು. ಅವಳು ಭಾಗ್ಯಶ್ರೀಯ ಕಡೆ ನೋಡಿದಳು, ಭಾಗ್ಯಶ್ರೀ ನನ್ನ ಕಡೆ. ನಾನು ನೆಲ ನೋಡಿದೆ. ಈಗ ಈ ಹುಡುಗಿ ಎದ್ದು ವಾದ ಶುರುಮಾಡಿದರೆ ಅಣ್ಣತಂಗಿ ಇಬ್ಬರೂ ಎದುರುಪಕ್ಷದವರಾಗಿಬಿಡುತ್ತಾರಲ್ಲ ಎಂದು ಜೀವ ಹಿಡಿ ಮಾಡಿಕೊಂಡು ಕುಳಿತೆ. ಭಾಗ್ಯಶ್ರೀ ಕುರ್ಚಿಯನ್ನು ನೀಲವ್ವನ ಹತ್ತಿರಕ್ಕೆ ಎಳೆದುಕೊಂಡು, ಮಗ್ಗದ ಪಕ್ಕದಲ್ಲಿ ಕೂತಾಗ ಮಾಡುತ್ತಿದ್ದಂತೆಯೇ ಕಿವಿಯನ್ನು ಅವಳ ಬಾಯಿಯ ಬಳಿ ತಂದಳು.

ಆಗ ನೀಲವ್ವನಿಗೆ ದನಿ ಬಂತು, ಬಂದದ್ದು ಮಗ್ಗದ ಮುಂದಿನ ದನಿಯೇ. ಹೊರಗಿನ ಪಡಸಾಲೆಯಲ್ಲಿ ಕೂತಿದ್ದವರು ಹೊರಳಿ ನೋಡುವಷ್ಟು ಗಟ್ಟಿಯಾಗಿ ಅವಳು ಹೇಳಿದಳು:

‘ಸಹಿ ಮಾಡಂಗಿಲ್ಲಣ್ಣಾ. ಹೊಲ ನೀನ ಮಾಡು, ಕಬ್ಬ ನೀನ ಕಳಸು, ನಾ ಏನೂ ಕೇಳಂಗಿಲ್ಲ. ಉತಾರದಾಗ ನಿನ್ನ ಹೆಸರಿನ ಜೋಡಿ ನಂದೂ ಹೆಸರೈತಿ. ಅದನ್ನ ತಗಸಿದ ಮ್ಯಾಲ ನಾ ಯಾವೂರಾಕಿ ಅಂತ ಹೇಳ್ಲಿ?’

ಸಂಗಪ್ಪ ಕಿಟಕಿಯಿಂದ ಮುಖ ತಿರುಗಿಸಿದ. ನಿನ್ನ ಗಂಡನ ಮನೆಯವರು ನಾಳೆ ಮಾರೋಣವೆಂದರೆ ಏನು ಮಾಡುತ್ತೀ ಎಂದು ಕೇಳಿದ. ಅವನ ಮುನಿಸಿನ ಕೆಳಗೆ ಇಷ್ಟು ದಿನ ಮಲಗಿದ್ದ ಹೆದರಿಕೆ ಅದು. ಅಪ್ಪನ ಹೊಲದಲ್ಲಿ ಪರರು ಬಂದು ನೇಗಿಲು ಹೂಡಿಯಾರೆಂಬ ಆ ಅಂಜಿಕೆಯನ್ನು ಕಂಡು, ಅಷ್ಟು ಹೊತ್ತು ಅವನ ಮೇಲಿದ್ದ ನನ್ನ ಸಿಟ್ಟು ಇಳಿದುಹೋಯಿತು.

‘ನಿನಗ ಮಾಡದ ಸಹಿ ಅವರಿಗೆ ಮಾಡ್ತೇನೇನು?’ ಎಂದಳು ನೀಲವ್ವ.

ಅವನು ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಹಳ ಹೊತ್ತು ಅದರ ಅಂಚನ್ನೇ ನೇವರಿಸುತ್ತಿದ್ದ. ಹಿರಿಯ ವಕೀಲರು ಎತ್ತಿದ ಪೆನ್ನನ್ನು ಕೆಳಗಿಟ್ಟರು. ಅವರೂ ಹಳೆಯ ಮನುಷ್ಯರು, ಯಾವಾಗ ಮಾತಾಡಬಾರದೆಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಸಂಗಪ್ಪ, ಹೆಸರು ಇರಲಿ ಬಿಡು ಎಂದ, ತನಗೇ ಹೇಳಿಕೊಂಡಂತೆ. ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನೀಲವ್ವ ಭಾಗ್ಯಶ್ರೀಯ ಮುಖ ನೋಡಿದಳು. ಅವಳು ಹೌದೆಂದು ತಲೆಯಾಡಿಸಿದಳು.

ಆಗ ನೀಲವ್ವನ ದನಿ ಸಣ್ಣದಾಯಿತು. ಇಷ್ಟೆಲ್ಲ ಧೈರ್ಯ ತೋರಿದವಳು ಇದನ್ನು ಕೇಳಲು ಮಾತ್ರ ಅಂಜಿದಳು. ‘ಪಂಚಮಿಗೆ ಕರಿಯಾಕ ಬರ್ತೀ?’

‘ಯಾವಾಗ ಬಂದಿಲ್ಲ ನಾ?’ ಎಂದ ಸಂಗಪ್ಪ.

ಹೋದ ವರ್ಷ ಅವನು ಬಂದಿರಲಿಲ್ಲ. ಅದು ಅವನಿಗೆ ಗೊತ್ತಿತ್ತು, ನೀಲವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಯಾರ ಮಾತಿನ ತಪ್ಪನ್ನೂ ಬಿಡದ ಭಾಗ್ಯಶ್ರೀಯ ಕಡೆ ನಾನು ನೋಡಿದೆ. ಅವಳ ಕಣ್ಣುಗಳು ತುಂಬಿದ್ದವು, ಬಾಯಿ ಮುಚ್ಚಿಯೇ ಇತ್ತು.